ರುಖ್ಮಾಬಾಯಿಯವರ ಪತ್ರಗಳನ್ನು ಕನ್ನಡದಲ್ಲಿ ಪ್ರಕಟಿಸಿ

ಸಂಪಾದಕರಿಗೆ,

ನಮಸ್ಕಾರ. ಹಿಂದಿನ ಕಾಲದ ಹೆಣ್ಣುಮಕ್ಕಳು ಏನೇ ಬಂದರೂ ಹೊಂದಿಕೊಂಡು ಬಾಳುತ್ತಿದ್ದರು, ನಾಲ್ಕಕ್ಷರ ಕಲಿತ ಮೇಲೆ ಸಂಸಾರಗಳು ಮುರಿಯುತ್ತಿವೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಈ ದೂರು ಹಳೆಯದು. 1887ರಲ್ಲಿ ಇಪ್ಪತ್ತೆರಡು ವರ್ಷದ ಹೆಣ್ಣುಮಗಳೊಬ್ಬರ ಮೇಲೆ ತಿಲಕರ ಪತ್ರಿಕೆಗಳೂ ಇದನ್ನೇ ಹೊರಿಸಿದ್ದವು: ಇದೆಲ್ಲ ಇಂಗ್ಲಿಷ್ ಓದಿನ ಫಲ, ಧರ್ಮಕ್ಕೆ ಅಪಾಯ. ಆದರೆ ಆ ಹೆಣ್ಣುಮಗಳು ಹೊಂದಿಕೊಂಡು ಸುಮ್ಮನಿರಲಿಲ್ಲ. ಪತ್ರಿಕೆಗೆ ಬರೆದಿದ್ದರು, ಕೋರ್ಟಿನಲ್ಲೂ ಹೋರಾಡಿದ್ದರು.

ಅವರು ರುಖ್ಮಾಬಾಯಿ. ಹುಟ್ಟಿದ್ದು 1864ರಲ್ಲಿ, ಮುಂಬೈಯಲ್ಲಿ. ಹನ್ನೊಂದನೇ ವಯಸ್ಸಿಗೆ ದಾದಾಜಿ ಭಿಕಾಜಿ ಎಂಬುವರ ಜೊತೆ ಮದುವೆಯಾಯಿತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ತಾಯಿ, ಡಾಕ್ಟರ್ ಸಖಾರಾಮ್ ಅರ್ಜುನ್ ಅವರನ್ನು ಮದುವೆಯಾಗಿದ್ದರು. ಮಗಳು ಆ ಮಲತಂದೆಯ ಮನೆಯಲ್ಲೇ ಉಳಿದು ಓದಿದರು. ದೊಡ್ಡವರಾದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಹೆಂಡತಿಯನ್ನು ನನ್ನ ಮನೆಗೆ ಕಳಿಸಿಕೊಡಿ ಎಂದು ದಾದಾಜಿ 1884ರಲ್ಲಿ ದಾವೆ ಹೂಡಿದರು.

ಕೇಸು ನಡೆಯುತ್ತಿರುವಾಗಲೇ, 1885ರ ಜೂನ್ 26ರಂದು, ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬಾಲ್ಯವಿವಾಹದ ಬಗ್ಗೆ ಒಂದು ಪತ್ರ ಬಂತು. ಕೆಳಗೆ ‘ಒಬ್ಬ ಹಿಂದೂ ಮಹಿಳೆ’ ಎಂದಷ್ಟೇ ಇತ್ತು. ಈ ಕೆಟ್ಟ ಪದ್ಧತಿ ನನ್ನ ಬದುಕಿನ ಸುಖವನ್ನೇ ಹಾಳುಮಾಡಿದೆ, ನನಗೆ ಎಲ್ಲಕ್ಕಿಂತ ಬೇಕಾದ ಓದಿಗೆ ಅಡ್ಡ ನಿಂತಿದೆ, ಏನೂ ತಪ್ಪು ಮಾಡದೆ ಮೂಲೆ ಸೇರಿದ್ದೇನೆ, ಮುಂದೆ ಬರುವ ಆಸೆ ಪಟ್ಟರೂ ಜನ ಅನುಮಾನದಿಂದ ನೋಡುತ್ತಾರೆ ಎಂಬುದು ಅದರ ಸಾರ. ಸೆಪ್ಟೆಂಬರ್ 19ರಂದು ಎರಡನೇ ಪತ್ರ ಬಂತು, ವಿಧವೆಯರ ಪಾಡಿನ ಬಗ್ಗೆ. ಬರೆದವರು ರುಖ್ಮಾಬಾಯಿಯೇ. ಮುಖ ಕಾಣದಿದ್ದರೂ ಮಾತು ಎಷ್ಟು ನೇರ!

ಎರಡೇ ದಿನದಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪು ಕೊಟ್ಟರು. ಇಂಥ ದಾವೆ ಇಂಗ್ಲೆಂಡಿನಿಂದ ಬಂದದ್ದು, ಹಿಂದೂ ಕಾನೂನಿನಲ್ಲಿ ಅದಕ್ಕೆ ಆಧಾರವಿಲ್ಲ, ಒಟ್ಟಿಗೆ ಬಾಳಿಯೇ ಇಲ್ಲದವರನ್ನು ಒತ್ತಾಯದಿಂದ ಕೂಡಿಸುವುದು ಕ್ರೌರ್ಯ ಎಂದರು. ಅಪೀಲಿನಲ್ಲಿ ಅದು ನಿಲ್ಲಲಿಲ್ಲ. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್, ಗಂಡನ ಮನೆಗೆ ಹೋಗಬೇಕು, ಇಲ್ಲದಿದ್ದರೆ ಆರು ತಿಂಗಳು ಜೈಲು ಎಂದು ಆದೇಶಿಸಿದರು. ಜೈಲಿಗೆ ಬೇಕಾದರೆ ಹೋಗುತ್ತೇನೆ, ಆ ಮನೆಗೆ ಹೋಗುವುದಿಲ್ಲ ಎಂದುಬಿಟ್ಟರು ರುಖ್ಮಾಬಾಯಿ. ಇಂಗ್ಲೆಂಡಿನಲ್ಲಿ ಇಂಥ ಆದೇಶ ಮೀರಿದವರನ್ನು ಜೈಲಿಗೆ ಹಾಕುವುದನ್ನು 1884ರಲ್ಲೇ ನಿಲ್ಲಿಸಿದ್ದರು. ಇಲ್ಲಿ ಮಾತ್ರ ಅದನ್ನೇ ನಮ್ಮ ಧರ್ಮ ಎಂದು ಎತ್ತಿ ಹಿಡಿದರು.

1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿ ಪಡೆದು ರಾಜಿಯಾದರು. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು ಸೂರತ್, ರಾಜಕೋಟೆಗಳಲ್ಲಿ ಬಹಳ ವರ್ಷ ಹೆಂಗಸರ ಆಸ್ಪತ್ರೆ ನಡೆಸಿದರು.

ಇದು ದೂರದ ಮುಂಬೈ ಕಥೆ ಅನ್ನಿಸಬಹುದು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಆ ಹೈಕೋರ್ಟ್ ಹೇಳಿದ್ದೇ ನಮ್ಮ ಮುತ್ತಜ್ಜಿಯರಿಗೂ ಕಾನೂನು.

ಬಿಟ್ಟುಹೋದ ಗಂಡ ಅಥವಾ ಹೆಂಡತಿ ಮರಳಿ ಬಂದು ಬಾಳಲಿ ಎಂದು ಹೂಡುವ ಅಂಥ ದಾವೆ ಇನ್ನೂ ಬದುಕಿದೆ. 1955ರ ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ ಅದೇ. ಕಾಯ್ದೆ ಬಂದ ವರ್ಷವೇ ರುಖ್ಮಾಬಾಯಿ ತೀರಿಕೊಂಡರು. 1983ರಲ್ಲಿ ಆಂಧ್ರ ಹೈಕೋರ್ಟ್ ಈ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧ ಎಂದಿತು, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಉಳಿಸಿತು. ಗಂಡ ಹೆಂಡತಿ ಯಾರು ಬೇಕಾದರೂ ಇದನ್ನು ಹಾಕಬಹುದು, ನಿಜ. ಆದರೆ ನಾನು ವಕೀಲೆ. ಹೆಂಡತಿ ಜೀವನಾಂಶ ಕೇಳಿದ ಕೂಡಲೇ ಗಂಡನ ಕಡೆಯಿಂದ ‘ಸೆಕ್ಷನ್ ನೈನ್’ ಬೀಳುವುದನ್ನು ನೋಡುತ್ತಲೇ ಇದ್ದೇನೆ. ಅರ್ಜಿಯಲ್ಲಿ ‘ಪ್ರೀತಿಯಿಂದ ನೋಡಿಕೊಳ್ಳಲು ಸಿದ್ಧನಿದ್ದೇನೆ’ ಎಂಬ ಸಾಲು ಇದ್ದೇ ಇರುತ್ತದೆ. ನೋಟಿಸ್ ಹಿಡಿದುಕೊಂಡು ಬಂದವರು ಕೇಳುವುದು ಒಂದೇ: ‘ಪೊಲೀಸರು ಬಂದು ಕರಕೊಂಡು ಹೋಗ್ತಾರೇನ್ರಿ ಮೇಡಂ?’ ಇಲ್ಲ, ಜೈಲು 1923ಕ್ಕೇ ಹೋಯಿತು, ಈಗ ಆಸ್ತಿ ಜಪ್ತಿ ಮಾತ್ರ ಎಂದು ಹೇಳಿದರೂ ಅವರ ಮುಖದ ಹೆದರಿಕೆ ಕಡಿಮೆಯಾಗುವುದಿಲ್ಲ. ಇಂಗ್ಲೆಂಡ್ 1970ರಲ್ಲಿ ಈ ದಾವೆಯನ್ನೇ ತೆಗೆದುಹಾಕಿತು.

ನಮ್ಮ ಶಾಲೆ ಕಾಲೇಜುಗಳಲ್ಲಿ ಸ್ತ್ರೀ ಸುಧಾರಣೆಯ ಪಾಠ ಅಂದರೆ ಕರುಣೆಯುಳ್ಳ ಗಂಡಸರ ಪಟ್ಟಿ. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ನನಗೆ ತುಂಬಾ ಇಷ್ಟ. ವಿಧವೆ ಇಂದಿರೆ ಮನೆ ಬಿಟ್ಟು ಹೊರಟು, ಓದಿ, ಮತ್ತೆ ಮದುವೆಯಾಗುತ್ತಾಳೆ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಆದರೂ ಅಲ್ಲಿ ಆಕೆಗೆ ದಾರಿ ಮಾಡಿಕೊಡುವವರು ಒಳ್ಳೆಯ ಗಂಡಸರೇ. ಅದಕ್ಕಿಂತ ಹದಿನೇಳು ವರ್ಷ ಮೊದಲೇ, 1882ರಲ್ಲಿ, ತಾರಾಬಾಯಿ ಶಿಂದೆ ಮರಾಠಿಯಲ್ಲಿ ‘ಸ್ತ್ರೀ ಪುರುಷ ತುಲನಾ’ ಬರೆದಿದ್ದರು. ಸೂರತ್ತಿನ ವಿಜಯಲಕ್ಷ್ಮಿ ಎಂಬ ವಿಧವೆಗೆ ಮಗುವಿನ ಕೊಲೆಗಾಗಿ ಗಲ್ಲು ಶಿಕ್ಷೆಯಾದಾಗ ಪತ್ರಿಕೆಗಳು ಹೆಣ್ಣುಕುಲವನ್ನೇ ಬೈದವು. ಆ ಸಿಟ್ಟಿನಿಂದ ಹುಟ್ಟಿದ ಪುಸ್ತಕ ಅದು. ಗಂಡ ಸತ್ತರೆ ಹೆಂಡತಿಯ ತಲೆ ಬೋಳಿಸುತ್ತೀರಿ, ಹೆಂಡತಿ ಸತ್ತರೆ ತಡಮಾಡದೆ ಇನ್ನೊಬ್ಬಳನ್ನು ತರುತ್ತೀರಿ, ಇದ್ಯಾವ ನ್ಯಾಯ ಎಂದು ಗಂಡಸರನ್ನೇ ಎದುರಿಗೆ ನಿಲ್ಲಿಸಿ ಕೇಳುತ್ತಾರೆ. ಇವರೆಲ್ಲ ಹಿಂದಿನ ಕಾಲದ ಹೆಣ್ಣುಮಕ್ಕಳೇ ಅಲ್ವಾ?

ಹಾಗಾಗಿ ನನ್ನದೊಂದು ಕೋರಿಕೆ. ರುಖ್ಮಾಬಾಯಿಯವರ ಆ ಎರಡೂ ಪತ್ರಗಳನ್ನು ಕನ್ನಡಕ್ಕೆ ತಂದು ಇದೇ ಪುಟದಲ್ಲಿ ಹಾಕಿ. ಒಂದೇ ದಿನಕ್ಕೆ ಜಾಗ ಸಾಲದಿದ್ದರೆ ಎರಡು ಭಾನುವಾರ ಹಾಕಬಹುದು. ಅನುವಾದಕ್ಕೆ ಕೈಜೋಡಿಸಲು ನಾನು ತಯಾರಿದ್ದೇನೆ.

ಇಂತಿ,
ವಕೀಲೆ, ಧಾರವಾಡ