ಸೇಂಟ್ ಜಾನ್ಸ್‌ಗೆ ಹೊರಟ ಮಗಳಿಗೆ

ಪ್ರೀತಿಯ ಕೂಸೇ,

ನಾಳೆ ಬೆಳಗಿನ ಜಾವ ಐದಕ್ಕೇ ಹೊರಡುತ್ತೇನೆ, ಯಾರೂ ನಿದ್ದೆಗೆಡಬೇಡಿ ಎಂದಿದ್ದೀಯ. ಏಳದೆ ಇರುವವರಲ್ಲ ನಾವು, ನಿನಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿಂದ ನೆಟ್ಟಗೆ ನಾಲ್ಕು ಮಾತು ಬರುವುದಿಲ್ಲ. ಅದಕ್ಕೇ ಈ ಕಾಗದ. ಊಟದ ಚೀಲದ ಒಳಜೇಬಿನಲ್ಲಿ ಇಟ್ಟಿರುತ್ತೇನೆ. ದಾರಿಯಲ್ಲಿ ಓದಬೇಡ, ರಾತ್ರಿ ತಂಗಿದ ಕಡೆ ಓದು.

ಊಟದ ಹೊತ್ತಿನಲ್ಲಿ ನನ್ನ ದನಿ ಏರಿತು. ತಟ್ಟೆ ಮುಂದೆ ಕೂತ ಮಗಳು ಅರ್ಧಕ್ಕೇ ಕೈ ತೊಳೆಯುವ ಹಾಗೆ ಮಾತಾಡಬಾರದಿತ್ತು. ಬೇಜಾರು ಮಾಡಿಕೊಳ್ಳಬೇಡ. ಆದರೆ ಕೇಳಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುತ್ತಿಲ್ಲ. ಮಿಸ್ಸಿಸಾಗಾದ ನಮ್ಮ ಮನೆಯಿಂದ ಕೆನಡಾದ ಪೂರ್ವ ತೀರದ ನಾರ್ತ್ ಸಿಡ್ನಿಗೆ ಸುಮಾರು 2,000 ಕಿಲೋಮೀಟರ್. ಅಲ್ಲಿಂದ ಸಮುದ್ರದ ಮೇಲೆ ಏಳು ಗಂಟೆ ಫೆರಿ. ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಇಳಿದ ಮೇಲೆ ಸೇಂಟ್ ಜಾನ್ಸ್‌ಗೆ ಮತ್ತೆ 900 ಕಿಲೋಮೀಟರ್. ಅಪ್ಪ ಜೊತೆಗೆ ಬಂದು ನಿನ್ನನ್ನು ಮನೆ ಮುಟ್ಟಿಸಿ ವಿಮಾನದಲ್ಲಿ ವಾಪಸಾದರೆ ನಿನಗೇನು ಅಡ್ಡಿ? "ನಾನು ಒಬ್ಬಳೇ ಹೋಗಬೇಕಮ್ಮಾ" ಎಂದೆ. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಸಿಟ್ಟು ಬಂತು.

ದಾರಿಯೇನೋ ನಿನಗೆ ಅರ್ಧ ಗೊತ್ತಿದ್ದದ್ದೇ. ನಿನಗೆ ಹತ್ತು ವರ್ಷವಿದ್ದಾಗ ನಾವೆಲ್ಲ ಹೋದ ದಾರಿ. ಮಾಂಟ್‌ಮೊರೆನ್ಸಿ ಜಲಪಾತದ ಎದುರು ನಿಂತು ಅಪ್ಪ "83 ಮೀಟರ್, ನಯಾಗರಕ್ಕಿಂತ ಎತ್ತರ" ಎಂದಾಗ ನೀನು "ನಮ್ಮ ಜೋಗ 253" ಎಂದದ್ದು, ಹಾರ್ಟ್‌ಲ್ಯಾಂಡಿನ 391 ಮೀಟರ್ ಉದ್ದದ ಮರದ ಸೇತುವೆಯೊಳಗೆ ಉಸಿರು ಬಿಗಿಹಿಡಿದು ಕೂತದ್ದು, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿನ ಕೆಂಪು ಮಣ್ಣು ಮೆತ್ತಿದ ಬಿಳಿ ಶೂ, ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ನೆನಪಿದೆ. ಬರೆಯುತ್ತ ಕೂರುವುದಿಲ್ಲ. ನನಗೆ ಹೇಳುವುದಿರುವುದು ಫಂಡಿ ಕೊಲ್ಲಿಯ ದಂಡೆಯ ಬಂಡೆಗಳ ಜಾಗ, ಹೋಪ್‌ವೆಲ್ ರಾಕ್ಸ್‌ನದು.

"ಅಯ್ಯೋ, ಮತ್ತೆ ಅದೇ" ಅನ್ನುತ್ತೀಯ. ಅದನ್ನು ನೀನೂ ಅಪ್ಪನೂ ಬಂದ ನೆಂಟರಿಗೆಲ್ಲ ನಗುತ್ತ ಹೇಳಿದ್ದೀರಿ, ನಾನು ಚಹಾ ಕೊಡುತ್ತ ಕೇಳಿದ್ದೇನೆ. ಮೆಟ್ಟಿಲ ಮೇಲೆ ನಿಂತಿದ್ದವಳಿಗೆ ಅದು ಹೇಗಿತ್ತು ಎಂದು ಈವರೆಗೆ ಯಾರೂ ಕೇಳಿಲ್ಲ.

ನಾನು ಹೊನ್ನಾವರದವಳು. ಶರಾವತಿ ಕಡಲು ಸೇರುವ ಅಳಿವೆಯ ಪಕ್ಕ ಬೆಳೆದವಳು. ಇಳಿತದಲ್ಲಿ ಬಳಚು ಆರಿಸುವ ಹೆಂಗಸರು ಎಲ್ಲಿವರೆಗೆ ನಡೆದುಹೋಗುತ್ತಾರೆ, ಭರತ ಬರುವ ಹೊತ್ತಿಗೆ ಯಾವಾಗ ಹಿಂದಿರುಗುತ್ತಾರೆ ಎಂದು ನೋಡುತ್ತಲೇ ದೊಡ್ಡವಳಾದೆ. ಅಲ್ಲಿ ಕಡಲು ಏರಿದರೆ ಹೆಚ್ಚೆಂದರೆ ಆಳೆತ್ತರ. ಫಂಡಿ ಕೊಲ್ಲಿಯ ತುದಿಯಲ್ಲಿ 16 ಮೀಟರಿನವರೆಗೂ, ಹೋಪ್‌ವೆಲ್‌ನಲ್ಲಿ 14ರವರೆಗೂ ಏರುತ್ತದೆ ಎಂದು ಓದಿಕೊಂಡೇ ಹೋಗಿದ್ದೆವು. ಆದರೆ ಕಡಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯ ನನ್ನದು.

ಕಬ್ಬಿಣದ ಮೆಟ್ಟಿಲಿಳಿದು ಸಮುದ್ರದ ನೆಲದ ಮೇಲೆ ನಡೆದೆವು. ಕಂದು ಕೆಸರು, ಜಾರುವ ಗುಂಡುಕಲ್ಲು. ತಲೆಯ ಮೇಲೆ ಮರ ಹೊತ್ತು ನಿಂತ ಬಂಡೆಗಳು, ಬುಡ ಸವೆದು ಸಪೂರ. ಅಪ್ಪನ ತಲೆಗಿಂತ ಎಷ್ಟೋ ಮೇಲಿನವರೆಗೆ ಕಡಲಕಳೆ ಜೋತುಬಿದ್ದಿತ್ತು. ಅಷ್ಟರ ಮಟ್ಟಿಗೆ ನೀರು ಬರುತ್ತದೆ ಎಂದು ಬಂಡೆಯೇ ಬರೆದಿಟ್ಟಿತ್ತು. ಇಳಿತದ ಮೂರು ಗಂಟೆ ಮೊದಲಿಂದ ಮೂರು ಗಂಟೆ ಆಮೇಲಿನವರೆಗೆ ಮಾತ್ರ ಕೆಳಗೆ ಇರಬಹುದು. ಹೊತ್ತು ಮುಗಿಯುತ್ತ ಬಂದಂತೆ ಅಲ್ಲಿನ ಸಿಬ್ಬಂದಿ ಎಲ್ಲರನ್ನೂ ಮೇಲಕ್ಕೆ ಕಳಿಸತೊಡಗಿದರು. ತಮ್ಮನಿಗೆ ನಿದ್ದೆ ಹತ್ತಿತ್ತು, ಅವನನ್ನು ಎತ್ತಿಕೊಂಡು ನಾನು ಮೊದಲು ಹತ್ತಿದೆ. ನೀನೂ ಅಪ್ಪನೂ ಹಿಂದೆ ಬರುತ್ತಿದ್ದಿರಿ. ಮೆಟ್ಟಿಲ ನಡುವಿನ ಕಟ್ಟೆಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತು ತಿರುಗಿ ನೋಡಿದರೆ, ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಅತ್ತಿತ್ತ ನೋಡುತ್ತಿದ್ದಾರೆ. ನೀನಿಲ್ಲ.

ನಿನ್ನ ಹಳದಿ ಜಾಕೆಟ್ ಕಂಡದ್ದು ನನಗೆ. ಎರಡು ಬಂಡೆಗಳ ಸಂದಿನ ಆಚೆ, ಕುಕ್ಕರಗಾಲಲ್ಲಿ ಕೂತು ಕೆಸರಿಗೆ ಏನೋ ಚುಚ್ಚುತ್ತಿದ್ದೆ. ನಿನಗೂ ನಮಗೂ ನಡುವಿನ ಆ ಸಂದಿನಲ್ಲಿ ಸ್ವಲ್ಪ ಹೊತ್ತಿನ ಮೊದಲು ಕಲ್ಲು ಕಾಣುತ್ತಿತ್ತು, ಈಗ ನೀರು ಹೊಳೆಯುತ್ತಿತ್ತು.

ಆ ನೀರು ಹೇಗೆ ಬಂತು ಎಂಬುದನ್ನು ನಿನಗೆ ಹೇಳಬೇಕು. ಅಲೆ ಇರಲಿಲ್ಲ. ಸದ್ದಿರಲಿಲ್ಲ. ನಮ್ಮೂರ ಕಡಲು ಬರುವಾಗ ಬೊಬ್ಬೆ ಹಾಕುತ್ತ ಬರುತ್ತದೆ, ಮಕ್ಕಳು ತಾವೇ ಹಿಂದಕ್ಕೆ ಓಡುತ್ತಾರೆ. ಇದು ಕಲ್ಲಿನಿಂದ ಕಲ್ಲಿಗೆ ಸುಮ್ಮನೆ ಏರುತ್ತಿತ್ತು, ಯಾವ ಅವಸರವೂ ಇಲ್ಲದೆ. ನಾನು ಕೂಗಿದೆ. ಗಾಳಿ ನನ್ನ ದನಿಯನ್ನು ಬೇರೆಲ್ಲಿಗೋ ಒಯ್ದಿತು. ನೀನು ತಲೆ ಎತ್ತಲೇ ಇಲ್ಲ. ತೋಳಿನಲ್ಲಿ ಮಲಗಿದ ತಮ್ಮ, ಕೆಳಗೆ ನೀನು. ಇಳಿಯಲೋ ನಿಲ್ಲಲೋ ತಿಳಿಯದೆ ಅಲ್ಲೇ ನಿಂತೆ. ಅಪ್ಪ ಓಡಿದರು. ಬಂಡೆಯ ಮರೆಗೆ ಹೋದವರು ನನಗೆ ಕಾಣಲಿಲ್ಲ. ಜಾಕೆಟ್ಟೂ ಕಾಣಲಿಲ್ಲ. ಎಷ್ಟು ಹೊತ್ತೋ. ಆಮೇಲೆ ನಿನ್ನನ್ನು ಹೆಗಲ ಮೇಲೆ ಹೊತ್ತು ಅವರು ನೀರಿನಿಂದ ಹೊರಗೆ ಬಂದರು.

ನೀರು ಮೊಣಕಾಲು ಮಟ್ಟ ಅಷ್ಟೇ ಇತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ. ಮೊಣಕಾಲು ಅವರದು. ನಿನಗದು ಸೊಂಟ.

ನೀನು ಅಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದೆ. "ಕೋಲು ಮುಳುಗಲಿಕ್ಕೆ ಇನ್ನು ಎರಡೇ ಬೆರಳು ಇತ್ತು, ಅಪ್ಪ ಹಾಳು ಮಾಡಿದರು" ಎಂದೆ. ಕೆಸರಿಗೆ ಕೋಲು ನೆಟ್ಟು ನೀರು ಎಷ್ಟು ಬೇಗ ಏರುತ್ತದೆ ಎಂದು ಅಳೆಯುತ್ತಿದ್ದೆಯಂತೆ. ಆ ರಾತ್ರಿ ಮಾಂಕ್ಟನ್‌ನ ಮೋಟೆಲಿನಲ್ಲಿ ನೀವು ಮೂವರೂ ಗಾಢ ನಿದ್ದೆ. ನಾನು ನಿನ್ನ ಕೋಲಿನ ಲೆಕ್ಕವನ್ನು ಮುಂದುವರಿಸುತ್ತಿದ್ದೆ. ಆರು ಗಂಟೆಯಲ್ಲಿ ಹನ್ನೆರಡು ಮೀಟರ್ ಎಂದರೆ ಗಂಟೆಗೆ ಎರಡು ಮೀಟರ್. ಹತ್ತು ನಿಮಿಷಕ್ಕೆ ಒಂದು ಅಡಿ. ಹತ್ತು ನಿಮಿಷ ತಡವಾಗಿದ್ದರೆ ನಿನ್ನ ಎದೆ. ಇಪ್ಪತ್ತಾಗಿದ್ದರೆ ಎಂದು ಮುಂದೆ ಎಣಿಸಲು ಹೋಗುತ್ತಿರಲಿಲ್ಲ, ಮೊದಲಿಂದ ಶುರು ಮಾಡುತ್ತಿದ್ದೆ. 2016ರ ಮಾರ್ಚ್‌ನಲ್ಲಿ ಅಲ್ಲಿನ ಆನೆಬಂಡೆಯ ಒಂದು ಭಾಗ ಕುಸಿದುಬಿತ್ತು ಎಂಬ ಸುದ್ದಿ ಬಂದಾಗ, ನೀನು ಕೂತದ್ದು ಅದರ ಬುಡದಲ್ಲೇ ಎಂದು ನಾನು, ಅದು ಬೇರೆ ಬಂಡೆ ಎಂದು ನೀವಿಬ್ಬರು. ಫೋಟೋ ತೆಗೆದು ತೋರಿಸಿದಿರಿ. ಫೋಟೋದಲ್ಲಿ ಎಲ್ಲ ಬಂಡೆಯೂ ನನಗೆ ಒಂದೇ ಥರ ಕಾಣುತ್ತವೆ. ಈಗಲೂ ಚಳಿಗಾಲದ ರಾತ್ರಿ ಎಚ್ಚರವಾದರೆ ನನಗೆ ಮೊದಲು ಕಾಣುವುದು ಆ ಸಂದು.

ಆ ಕೋಲಿನ ಹುಡುಗಿಯೇ ಈಗ ಕಡಲನ್ನು ಅಳೆಯುವ ಕೆಲಸಕ್ಕೆ ಹೊರಟಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗ ಫಂಡಿಯ ನೀರು ಯಾಕೆ ಅಷ್ಟು ಏರುತ್ತದೆ ಎಂದು ನೀನು ಅಡುಗೆಮನೆಯಲ್ಲಿ ವಿವರಿಸಿದ್ದೆ. ಕೊಲ್ಲಿಯಲ್ಲಿ ನೀರು ತುದಿಯವರೆಗೆ ಹೋಗಿ ತೂಗಿ ಮರಳುವುದಕ್ಕೆ ಹಿಡಿಯುವ ಹೊತ್ತೂ, ಒಂದು ಭರತದಿಂದ ಇನ್ನೊಂದು ಭರತಕ್ಕೆ ಇರುವ ಹನ್ನೆರಡೂವರೆ ಗಂಟೆಯೂ ಹತ್ತಿರ ಹತ್ತಿರ, ಹಾಗಾಗಿ ಪ್ರತಿ ಸಲವೂ ಉಯ್ಯಾಲೆಗೆ ಸರಿಯಾದ ಹೊತ್ತಿನಲ್ಲಿ ಕೈಕೊಟ್ಟ ಹಾಗಾಗುತ್ತದೆ ಎಂದೆ. ನನ್ನನ್ನು ಅಷ್ಟು ಹೆದರಿಸಿದ್ದರ ಗುಟ್ಟನ್ನು ನನ್ನ ಮಗಳೇ ನನಗೆ ಬಿಡಿಸಿ ಹೇಳಿದಳಲ್ಲ ಎಂದು ಆವತ್ತು ಹೊಟ್ಟೆ ತುಂಬಿತ್ತು. ಕೆಲಸದ ಪತ್ರ ಬಂದ ದಿನ ದೇವರ ಮುಂದೆ ದೀಪ ಹಚ್ಚಿ ಹೊನ್ನಾವರಕ್ಕೆ, ಶಿರಸಿಗೆ, ಬೆಂಗಳೂರಿಗೆ ಎಲ್ಲ ಕಡೆ ಫೋನ್ ಮಾಡಿದ್ದೇನೆ. ನಿನಗೆ ಹೇಳಿರಲಿಲ್ಲ.

ಸರಿ, ಈಗ ದಾರಿಯ ಮಾತು. ಉಪದೇಶ ಮಾಡಬಾರದು ಎಂದುಕೊಂಡೇ ಕೂತಿದ್ದೆ, ಆದರೂ ಇದನ್ನು ಓದಿಕೋ. ನೀನು ಹೋಗುತ್ತೇನೆ ಎಂದಾಗಿನಿಂದ ನ್ಯೂಫೌಂಡ್‌ಲ್ಯಾಂಡಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಆ ದ್ವೀಪದಲ್ಲಿ ಮೂಸ್ ಎಂಬ ಭಾರೀ ಜಿಂಕೆ ಮೂಲದಲ್ಲಿ ಇರಲೇ ಇಲ್ಲವಂತೆ. 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ತಂದುಬಿಟ್ಟದ್ದು ನಾಲ್ಕು, ಈಗ ಲಕ್ಷಕ್ಕೂ ಮೇಲೆ. ಕಪ್ಪು ಮೈ, ಉದ್ದ ಕಾಲು. ಕಾರಿನ ದೀಪ ಬೀಳುವುದು ಅದರ ಕಾಲಿಗೆ, ಕಣ್ಣಿಗಲ್ಲ. ಹಾಗಾಗಿ ಕಣ್ಣು ಹೊಳೆಯುವುದೂ ಕಾಣದು. ಡಿಕ್ಕಿಯಾದರೆ ಕಾಲು ಬಾನೆಟ್ಟಿಗೆ ತಾಗಿ, ಮೈ ಗಾಜಿನ ಮೇಲೇ ಬರುತ್ತದೆ. ಸೆಪ್ಟೆಂಬರ್ ಕೊನೆಯೆಂದರೆ ಅವು ಬೆದೆಗೆ ಬಂದು ಅಲೆಯುವ ಕಾಲ. ಹೊತ್ತು ಮುಳುಗುವ ಮೊದಲೇ ಕಾರು ನಿಲ್ಲಿಸು. ಇನ್ನು ಐವತ್ತು ಕಿಲೋಮೀಟರ್ ತಾನೇ ಎನ್ನಬೇಡ. ರಾತ್ರಿಯ ಫೆರಿಯಲ್ಲಿ ಹೋದರೆ ಬೆಳಿಗ್ಗೆ ಪೋರ್ಟ್ ಓ ಬಾಸ್ಕ್‌ನಲ್ಲಿ ಇಳಿಯುತ್ತೀಯ, ನಿದ್ದೆ ಆಗಿರದಿದ್ದರೆ ಕಾರ್ನರ್ ಬ್ರೂಕ್‌ನಲ್ಲೇ ರೂಮು ಮಾಡಿ ಮಲಗು. 900 ಕಿಲೋಮೀಟರನ್ನು ಒಂದೇ ದಿನದಲ್ಲಿ ಮುಗಿಸಿದೆ ಎಂದರೆ ನಾನು ಶಹಭಾಸ್ ಅನ್ನುವುದಿಲ್ಲ.

ಇಳಿದ ಕೂಡಲೇ ಸಿಗುವ ರೆಕ್‌ಹೌಸ್ ಎಂಬಲ್ಲಿ ಬೆಟ್ಟದಿಂದ ಗಾಳಿ ನುಗ್ಗಿ ಲಾರಿಗಳನ್ನೇ ಮಗುಚುತ್ತದೆಯಂತೆ. ಹಿಂದೆ ರೈಲು ಓಡುತ್ತಿದ್ದ ಕಾಲದಲ್ಲಿ ಅಲ್ಲಿ ಲಾಕಿ ಮ್ಯಾಕ್‌ಡೂಗಲ್ ಎಂಬಾತ ಮನೆ ಮಾಡಿಕೊಂಡಿದ್ದ. ಗಾಳಿಯ ಮರ್ಮ ಅವನಿಗೆ ಗೊತ್ತು ಎಂದು ರೈಲಿನವರು ಸಂಬಳ ಕೊಟ್ಟು ಅವನನ್ನೇ ಇಟ್ಟುಕೊಂಡಿದ್ದರು. ಅವನು ಬೇಡವೆಂದರೆ ರೈಲು ತಡೆದು ನಿಲ್ಲುತ್ತಿತ್ತು. ಇದನ್ನು ಓದಿದಾಗಿನಿಂದ ನನಗೆ ಆ ಮನುಷ್ಯನ ಮೇಲೆ ಏನೋ ವಿಶ್ವಾಸ. ಅವನೀಗ ಇಲ್ಲ, ಆದರೆ ಗಾಳಿಯ ಎಚ್ಚರಿಕೆ ಫೋನಿಗೇ ಬರುತ್ತದೆ. ಬಂದರೆ ಬಂದರಿನಲ್ಲೇ ಕಾದು ಕೂರು. ಮರುದಿನ ಹೊರಟರೆ ಯಾವ ಕೆಲಸವೂ ಕೈಬಿಟ್ಟು ಹೋಗುವುದಿಲ್ಲ. ನಾನು ನಿನ್ನಲ್ಲಿ ಕೇಳುವುದು ಇಷ್ಟೇ ಕೂಸೇ. ನೀನು ಹೆದರಬೇಕೆಂದು ನನಗಿಲ್ಲ, ಹೆದರುವವಳೂ ಅಲ್ಲ ನೀನು. ಯಾರಾದರೂ ಈಗ ಮೇಲೆ ಹತ್ತಿ ಎಂದರೆ ಎರಡು ಬೆರಳು ಬಾಕಿ ಇದ್ದರೂ ಕೋಲು ಬಿಟ್ಟು ಎದ್ದು ಬಾ. ನಿನ್ನನ್ನು ಎತ್ತಿಕೊಂಡು ಬರಲು ಅಪ್ಪ ಅಲ್ಲಿರುವುದಿಲ್ಲ. ಅವರು ಬರುವುದು ಬೇಡ ಅಂದವಳು ನೀನೇ.

ಇದನ್ನು ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು. ಇರಲಿ.

ನೀನು ಒಬ್ಬಳೇ ಹೋಗಬೇಕು ಅನ್ನುವುದು ನನಗೆ ಪೂರ್ತಿ ಅರ್ಥವಾಗದ ವಿಷಯವೇನಲ್ಲ. ನಾನೂ ಮದುವೆಯಾಗಿ ಎರಡು ಸೂಟ್‌ಕೇಸ್ ಹಿಡಿದು, ಅಪ್ಪನನ್ನು ಹೋಗಿ ಸೇರಲು, ಹೊನ್ನಾವರದಿಂದ ಒಬ್ಬಳೇ ಟೊರೊಂಟೊಕ್ಕೆ ಬಂದವಳು. ಅಜ್ಜಿ ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದರು. ಒಂದು ಮಾತೂ ಆಡಲಿಲ್ಲ. ನನಗೆ ಆ ಶಕ್ತಿ ಇಲ್ಲ, ನಾನು ಇಷ್ಟೆಲ್ಲ ಬರೆದೆ.

ಚೀಲದಲ್ಲಿ ಮೇಲಿನ ಡಬ್ಬಿ ಚಪಾತಿ, ಮೊದಲ ದಿನವೇ ಮುಗಿಸು. ಅವಲಕ್ಕಿ ಒಗ್ಗರಣೆ ಹಾಕಿದ್ದು, ಫೆರಿಗೆ. ಅಪ್ಪೆಮಿಡಿ ಬಾಟಲಿಗೆ ಎರಡು ಕವರು ಸುತ್ತಿದ್ದೇನೆ, ಆದರೂ ನೆಟ್ಟಗೆ ಇಡು. ಫೆರಿ ಹತ್ತುವಾಗ ಒಂದು ಮೆಸೇಜು, ಇಳಿದಾಗ ಒಂದು, ಎಷ್ಟು ಹೊತ್ತಾದರೂ ಸರಿ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಇಂಡಿಯಾಕ್ಕೆ ಈಗ ಸರಿಯಾಗಿ ಎಂಟು ಗಂಟೆ ಹಿಂದೆ, ನವೆಂಬರಿನಿಂದ ಒಂಬತ್ತು. ಇಲ್ಲಿನ ಹಾಗೆ ಅರ್ಧ ಗಂಟೆಯ ಲೆಕ್ಕ ಹಾಕಬೇಕಾಗಿಲ್ಲ. ಸೇಂಟ್ ಜಾನ್ಸ್ ಮುಟ್ಟಿದ ಮೇಲೆ ಅಜ್ಜಿಗೆ ಮೊದಲು ಫೋನ್ ಮಾಡು, ಅವರು ಕಾಯುತ್ತಿರುತ್ತಾರೆ. ನನಗೆ ಆಮೇಲೆ ಮಾಡಿದರೂ ನಡೆಯುತ್ತದೆ.

ಬೇಡ, ನನಗೇ ಮೊದಲು ಮಾಡು.

ನಿನ್ನ
ಅಮ್ಮ