ಆನೆ ಸುದ್ದಿ ಗುಂಪಿನ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಸಕಲೇಶಪುರ, ಆಲೂರು ಕಡೆಯ ತೋಟದವರು, ಕೂಲಿಗೆ ಹೋಗುವವರು, ಶಾಲೆ ಮಕ್ಕಳ ಅಪ್ಪ ಅಮ್ಮಂದಿರು ಸೇರಿ ಮಾಡಿಕೊಂಡ ಗುಂಪಿದು. ಕಾಡಾನೆ ಎಲ್ಲಿದೆ, ಯಾವ ಕಡೆ ಹೊರಟಿದೆ ಅನ್ನುವುದಷ್ಟೇ ಇಲ್ಲಿನ ವಿಷಯ. ಹೊತ್ತುಹೊತ್ತಿಗೂ ಶುಭೋದಯದ ಹೂವು, ಫಾರ್ವರ್ಡ್ ವಿಡಿಯೋ ಬರುತ್ತಿದ್ದರೆ ಜನ ಬೇಸತ್ತು ಗುಂಪನ್ನೇ ಮ್ಯೂಟ್ ಮಾಡುತ್ತಾರೆ. ಆಮೇಲೆ ಬೆಳಗ್ಗೆ ಕಾಫಿ ಕೊಯ್ಲಿಗೆ ಹೊರಟ ಹೆಣ್ಣುಮಕ್ಕಳಿಗೆ ಆನೆ ದಾರಿಯಲ್ಲಿರುವುದು ಗೊತ್ತಾಗುವುದೇ ಇಲ್ಲ. ನನಗಿರುವ ದೊಡ್ಡ ಭಯ ಇದು.

ಹಾಗಂತ ರಾತ್ರಿಯೆಲ್ಲ ಫೋನ್ ಹಿಡಿದು ಕೂರಬೇಕಿಲ್ಲ. ವಾಟ್ಸಾಪ್‌ನಲ್ಲಿ ಬೇರೆ ಗುಂಪುಗಳನ್ನು 8 ಗಂಟೆ, ಒಂದು ವಾರ ಅಥವಾ ಯಾವಾಗಲೂ ಮ್ಯೂಟ್ ಇಡಬಹುದು. ಈ ಗುಂಪಿಗೆ ಮಾತ್ರ ಬೇರೆಯದೇ ಸದ್ದು ಇಟ್ಟುಕೊಳ್ಳಿ. ಗುಂಪಿನ ಹೆಸರು ಒತ್ತಿದರೆ ಒಳಗೆ ಆ ಆಯ್ಕೆ ಇದೆ. ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಆ ಸದ್ದು ಬಂದರೆ ಎದ್ದು ನೋಡಿ. ಬಾರದಿದ್ದರೆ ನೆಮ್ಮದಿಯಾಗಿ ಮಲಗಿ, ಫೋನಿನಲ್ಲಿ ಮತ್ತೇನನ್ನೂ ಹುಡುಕಬೇಡಿ.

ಸುದ್ದಿ ಹಾಕುವಾಗ ಜಾಗ, ಸಮಯ, ಆನೆ ಹೋದ ದಿಕ್ಕು ಬರೆಯಿರಿ. ನಿನ್ನೆಯದನ್ನು ಇಂದು ಹಾಕಬೇಡಿ. ಫೋಟೋಗೋಸ್ಕರ ಆನೆ ಹತ್ತಿರ ದಯವಿಟ್ಟು ಹೋಗಬೇಡಿ, ನಮಗೆ ಫೋಟೋ ಬೇಡವೇ ಬೇಡ. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತಿರುವ ಯಾವ ವಿಡಿಯೋವೂ ಇಲ್ಲಿ ಬೇಡ. ಕೀಪ್ಯಾಡ್ ಫೋನ್ ಇರುವ ಹಿರಿಯರಿಗೆ, ಲೈನ್ ಮನೆಯವರಿಗೆ (ತೋಟದ ಕೂಲಿಯವರ ಸಾಲುಮನೆಗಳಲ್ಲಿ ಇರುವವರಿಗೆ) ಪಕ್ಕದವರೇ ಕರೆ ಮಾಡಿ ಹೇಳಬೇಕು.

ಹಬ್ಬದ ಶುಭಾಶಯ, ಕಾಫಿ ರೇಟು, ಮದುವೆ ಕರೆಯೋಲೆಗೆ ಬೇರೆ ಗುಂಪು ಮಾಡಿದ್ದೇನೆ. ಲಿಂಕ್ ಸಂಜೆ ಕಳಿಸುತ್ತೇನೆ.