ಹಸಿ ಮರಕ್ಕೆ ಇನ್ನು ಉಳಿ ಇಡುವುದಿಲ್ಲ

ಗ್ರಾಹಕ ಬಂಧುಗಳಿಗೆ ನಮಸ್ಕಾರ,

ಹಲಸು, ಹೆಬ್ಬಲಸು, ಸಾಗುವಾನಿ, ಯಾವುದನ್ನೇ ತನ್ನಿ, ಈ ದೀಪಾವಳಿಯಿಂದ ನಮ್ಮ ಮರದ ಮಿಲ್ಲಿನಲ್ಲಿ ಒಣಗಿಸದ ಮರದಿಂದ ದಾರಂದ (ಬಾಗಿಲ ಚೌಕಟ್ಟು), ಬಾಗಿಲು ಮಾಡಿಕೊಡುವುದಿಲ್ಲ. ತೇವ ಶೇಕಡಾ 12–14ಕ್ಕೆ ಇಳಿಯುವವರೆಗೆ ಹಲಗೆ ನಮ್ಮ ಒಣಗಿಸುವ ಕೋಣೆಯಲ್ಲೇ ಇರುತ್ತದೆ. ಅದಕ್ಕೆ ಬೇರೆ ಚಾರ್ಜ್.

"ಮುಂದಿನ ತಿಂಗಳೇ ಗೃಹಪ್ರವೇಶ, ಹೇಗಾದ್ರೂ ಮಾಡಿಕೊಡಿ" ಅಂದವರಿಗೆಲ್ಲ ಇಷ್ಟು ದಿನ ಹಸಿ ಮರದಲ್ಲೇ ಮಾಡಿಕೊಟ್ಟೆವು. ತಪ್ಪು ನಮ್ಮದೇ. ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಯ ಬಾಗಿಲು ಉಬ್ಬಿ ಕಚ್ಚಿಕೊಂಡಿತು. ಹೋಗಿ ಅಂಚು ಹೆರೆದು ಬಂದೆವು. ಬೇಸಿಗೆಯಲ್ಲಿ ನೋಡಿದರೆ ಸಂದಿಯಲ್ಲಿ ಕಿರುಬೆರಳು ತೂರುತ್ತಿತ್ತು. ಮನೆಯವರು ಬೈಯಲಿಲ್ಲ, ಕಾಫಿ ಕೊಟ್ಟರು. ಅದೇ ಜಾಸ್ತಿ ಚುಚ್ಚಿತು.

ಆದರೆ ಒಂದು ಮಾತು ಮಾತ್ರ ಕೇಳಿ ಕೇಳಿ ಸಾಕಾಗಿದೆ. "20 ಘನ ಅಡಿ ದಿಮ್ಮಿ ಕೊಟ್ವಿ, ಬಂದಿದ್ದು 12. ಉಳಿದದ್ದು ಎಲ್ಲಿ ಹೋಯ್ತು?" ದಿಮ್ಮಿ ದುಂಡಗಿರುತ್ತದೆ, ಹಲಗೆ ಚೌಕ, ಅಲ್ವಾ? ಸಿಪ್ಪೆ ಹೋಗಬೇಕು, ಬದಿ ಹೋಗಬೇಕು. ಹಲಸಿನ ಹೊರಗಿನ ಬಿಳಿ ಉಳಿಸಿದರೆ ಕುಟ್ಟೆ ಹುಳು ಹಿಡಿಯುತ್ತದೆ, ಬಾಳುವುದು ಒಳಗಿನ ಹಳದಿ ಕೆಚ್ಚು ಮಾತ್ರ. ಎಂಟು ಹಲಗೆ ಬೇಕೆಂದರೆ ಗರಗಸ ನಡುವೆ ಏಳು ಸಲ ಓಡಬೇಕು. ಪ್ರತಿ ಸಲವೂ ಅದರ ದಪ್ಪದಷ್ಟು ಮರ ಪುಡಿಯಾಗುತ್ತದೆ. ಒಣಗುವಾಗ ಹಲಗೆ ಅಗಲದಲ್ಲಿ ಇನ್ನಷ್ಟು ಕುಗ್ಗುತ್ತದೆ. ಒಳಗೆ ಪೊಳ್ಳಿದ್ದರೆ ಕೊಯ್ಯುವ ತನಕ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇಷ್ಟಾದರೂ ಸಂತೆಯಲ್ಲಿ "ಮಿಲ್ಲಿನವರು ನುಂಗಿದರು" ಅಂತಲೇ ಮಾತು. ಇನ್ನು ಕೊಯ್ಯುವ ದಿನ ನೀವೇ ಬಂದು ನಿಲ್ಲಿ. ಬದಿ, ಪುಡಿ ಎಲ್ಲ ನಿಮ್ಮದೇ, ಚೀಲ ತನ್ನಿ, ಬಚ್ಚಲ ಒಲೆಗಾಗುತ್ತದೆ. (ಹೆಚ್ಚಿನವರು ಬಿಟ್ಟೇ ಹೋಗುತ್ತಾರೆ. ಆಮೇಲೆ ನಾವು ಮಾರಿಕೊಂಡೆವು ಅನ್ನುತ್ತಾರೆ!)

ಒಣಗಿಸುವ ಚಾರ್ಜ್ ಯಾಕೆ ಅಂದರೆ, ಕೋಣೆ ಹಗಲು ರಾತ್ರಿ ಓಡಬೇಕು. ಕರೆಂಟ್ ಹೋದರೆ ಡೀಸೆಲ್. ಬಯಲಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಬಡಗಿಗಳ ಲೆಕ್ಕ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಣಗಲ್ಲ, ಮೂರಿಂಚಿನ ದಾರಂದ ಸುಮ್ನೆ ಒಣಗುತ್ತದಾ? ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ವರ್ಷಗಟ್ಟಲೆ ಇಟ್ಟ ಮರ ತಂದರೆ ನಿಮ್ಮೆದುರಲ್ಲೇ ತೇವ ಅಳೆಯುವ ಮೀಟರ್ ಒತ್ತಿ ನೋಡುತ್ತೇವೆ. ಒಣಗಿದ್ದರೆ ಒಂದು ಪೈಸೆಯೂ ಬೇಡ.

ಸಾಗುವಾನಿ, ಬೀಟೆಗೆ ಅರಣ್ಯ ಇಲಾಖೆಯ ಪಾಸ್ ಬೇಕೇ ಬೇಕು, ನೆಂಟರಾದರೂ ಸರಿ.

ಈಗಾಗಲೇ ಮುಂಗಡ ಕೊಟ್ಟವರ ಮರವನ್ನೂ ಒಣಗಿಸಿಯೇ ಕೊಡುತ್ತೇವೆ, ಆದರೆ ಹಳೆಯ ದರಕ್ಕೇ. ಸಿಟ್ಟಿದ್ದರೆ ಫೋನಿನಲ್ಲಿ ಬೇಡ, ಮಿಲ್ಲಿಗೇ ಬನ್ನಿ.

ನಿಮ್ಮ ಮಿಲ್ಲಿನವರು